ಹಳೆ ಗಾಡಿಗೆ ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ದೀಪಗಳು ಕೈಕೊಟ್ಟರೆ: ದೋಷ ಹುಡುಕುವ ದಾರಿ

ಬಲ್ಬ್ ಬದಲಾಯಿಸೋದು ಹತ್ತು ನಿಮಿಷದ ಕೆಲಸ. ಹಳೆಯದನ್ನು ಒತ್ತಿ, ತಿರುಗಿಸಿ, ತೆಗೆಯುತ್ತೀರಿ. ಎಲ್‌ಇಡಿ ಕೂರಿಸಿ ಸ್ವಿಚ್ ಹಾಕುತ್ತೀರಿ. ಇಂಡಿಕೇಟರ್ ಟಕಟಕ ಅಂತ ಎರಡರಷ್ಟು ವೇಗದಲ್ಲಿ ಮಿನುಗುತ್ತದೆ. ಇಲ್ಲವೇ ಮಿನುಗೋದೇ ಇಲ್ಲ. ಎಡಕ್ಕೆ ಹಾಕಿದರೆ ನಾಲ್ಕು ಮೂಲೆಯೂ ಹೊತ್ತಿಕೊಳ್ಳುತ್ತದೆ. ಬಹಳ ಜನ ಆಗ ಬಲ್ಬೇ ಸರಿಯಿಲ್ಲ ಅಂದುಕೊಂಡು ಇನ್ನೊಂದು ತರುತ್ತಾರೆ. ಅದೂ ಹಾಗೇ ಆಡುತ್ತದೆ.

ಕಾರಣ ಏನೆಂದರೆ, ಹಳೆ ಗಾಡಿಯಲ್ಲಿ ಬಲ್ಬ್ ಬರೀ ಬೆಳಕು ಕೊಡುತ್ತಿರಲಿಲ್ಲ. ಅದರೊಳಗಿನ ತಂತಿ ಚೆನ್ನಾಗಿ ಕರೆಂಟ್ ಎಳೆಯುತ್ತಿತ್ತು. ಆ ಎಳೆತದಿಂದಲೇ ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್ ಕೆಲಸ ಮಾಡುತ್ತಿತ್ತು. ಡ್ಯಾಶ್‌ಬೋರ್ಡಿನ ಬಾಣದ ದೀಪಕ್ಕೆ ಎಷ್ಟೋ ಗಾಡಿಗಳಲ್ಲಿ ಅರ್ತಿಂಗ್, ಅಂದರೆ ಕರೆಂಟ್ ಗಾಡಿಯ ತಗಡಿನ ಮೈಗೆ ಇಳಿದು ಬ್ಯಾಟರಿಗೆ ವಾಪಸಾಗುವ ದಾರಿ, ಸಿಗುತ್ತಿದ್ದದ್ದು ಆ ತಂತಿಯ ಮೂಲಕ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಚಾರ್ಜಿಂಗ್ ಶುರುವಾಗೋದಕ್ಕೂ ಒಂದು ಪುಟ್ಟ ಬಲ್ಬ್ ಬೇಕಾಗಿತ್ತು. ನಾವು ಬಲ್ಬ್ ತೆಗೆದಾಗ ಈ ಕೆಲಸಗಳನ್ನೂ ತೆಗೆದುಬಿಟ್ಟೆವು. ಹಾಗಾಗಿ ಯಾವ ತೊಂದರೆ ಕಂಡರೂ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿದ್ದ ಹಳೆ ಬಲ್ಬ್ ಇನ್ನೇನು ಕೆಲಸ ಮಾಡುತ್ತಿತ್ತು?

ಕೈ ಹಾಕುವ ಮುಂಚೆ

ತೆಗೆದ ಹಳೆ ಬಲ್ಬುಗಳನ್ನು ಎಸೆಯಬೇಡಿ. ಎಲ್ಲಾ ಸರಿಹೋಗಿ ಒಂದೆರಡು ತಿಂಗಳು ಕಳೆಯುವವರೆಗೂ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ದೋಷ ಹುಡುಕೋದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಎಲ್‌ಇಡಿ ತೆಗೆದು ಹಳೆ ಬಲ್ಬ್ ಹಾಕಿದಾಗ ತೊಂದರೆ ಹೋದರೆ, ತಪ್ಪು ಎಲ್‌ಇಡಿಯಲ್ಲೋ ಅದು ಎಳೆಯುವ ಕಡಿಮೆ ಕರೆಂಟಿನಲ್ಲೋ ಇದೆ. ಹಳೆ ಬಲ್ಬ್ ಹಾಕಿದರೂ ತೊಂದರೆ ಉಳಿದರೆ, ಅದು ಗಾಡಿಯ ವೈರಿಂಗಿನದು. ಎಲ್‌ಇಡಿ ಅದನ್ನು ತೋರಿಸಿಕೊಟ್ಟಿತು, ಅಷ್ಟೇ.

ಇದರ ಜೊತೆ ಒಂದು ಸಾಧಾರಣ ಮಲ್ಟಿಮೀಟರ್, ಸಣ್ಣ ಎಮೆರಿ ಪೇಪರ್, ಒಂದು ತುಂಡು ವೈರ್ ಇದ್ದರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಸುರಕ್ಷತೆಯ ಮಾತು ನಾಲ್ಕು. ವೈರ್ ಕತ್ತರಿಸುವ, ಜೋಡಿಸುವ ಕೆಲಸ ಇದ್ದರೆ ಬ್ಯಾಟರಿಯಿಂದ ಗಾಡಿಯ ಬಾಡಿಗೆ, ಅಂದರೆ ತಗಡಿನ ಮೈಗೆ, ಹೋಗುವ ವೈರನ್ನು ಮೊದಲು ಬಿಚ್ಚಿ. ಎಂಜಿನ್ ಓಡುತ್ತಿರುವಾಗ ಮಾತ್ರ ಬ್ಯಾಟರಿ ಬಿಚ್ಚಲೇಬೇಡಿ. ಆಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಏರಿ ಎಲ್‌ಇಡಿಗಳ ಜೊತೆ ಬೇರೆ ಭಾಗಗಳೂ ಸುಟ್ಟುಹೋಗಬಹುದು. ಆಗಷ್ಟೇ ಉರಿದ ಹಳೆ ಬಲ್ಬ್ ಕೈ ಸುಡುತ್ತದೆ, ಸ್ವಲ್ಪ ಕಾಯಿರಿ. ಉರಿಯುತ್ತಿರುವ ಹೆಡ್‌ಲೈಟ್ ಎಲ್‌ಇಡಿಯನ್ನು ಹತ್ತಿರದಿಂದ ನೇರವಾಗಿ ನೋಡಬೇಡಿ.

ಲಕ್ಷಣ: ಬಲ್ಬ್ ಹೊತ್ತೋದೇ ಇಲ್ಲ

ಮೊದಲು ತಿರುಗಿಸಿ ಹಾಕಿ ನೋಡಿ. ಹಳೆ ಬಲ್ಬಿನ ತಂತಿಗೆ ಪ್ಲಸ್, ಮೈನಸ್ ಅನ್ನುವ ಭೇದ ಇಲ್ಲ. ಎಲ್‌ಇಡಿಗೆ ಇದೆ. ಒತ್ತಿ ಕೂರಿಸುವ ಚಪ್ಪಟೆ ಬುಡದ ಟಿ10 ಥರದ ಬಲ್ಬುಗಳನ್ನು ಎರಡು ದಿಕ್ಕಿನಲ್ಲೂ ಹಾಕಬಹುದು. ಉಲ್ಟಾ ಕೂತರೆ ಹೊತ್ತೋದಿಲ್ಲ, ಹಾಳಾಗೋದೂ ಇಲ್ಲ. ತೆಗೆದು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಆಯಿತು.

ಆಗಲೂ ಹೊತ್ತಲಿಲ್ಲ ಅಂದರೆ ಬುಡದ ಎರಡು ಸಣ್ಣ ತಂತಿಕಾಲುಗಳನ್ನು ನೋಡಿ. ಎಲ್‌ಇಡಿ ಬಲ್ಬಿನಲ್ಲಿ ಇವು ತೆಳ್ಳಗಿರುತ್ತವೆ, ಹೋಲ್ಡರಿನ ತಗಡನ್ನು ಮುಟ್ಟೋದೇ ಇಲ್ಲ. ಉಗುರಿನಲ್ಲೇ ಸ್ವಲ್ಪ ಹೊರಕ್ಕೆ ಬಗ್ಗಿಸಿ.

ಒತ್ತಿ ತಿರುಗಿಸುವ ಪಿನ್ ಬಲ್ಬುಗಳಲ್ಲಿ ಬುಡದ ಬೆಸುಗೆಯ ಬೊಟ್ಟು ಗಿಡ್ಡ ಇರಬಹುದು. ಹೋಲ್ಡರಿನ ಸ್ಪ್ರಿಂಗ್ ಹಲವು ವರ್ಷದಿಂದ ಒತ್ತಿಸಿಕೊಂಡು ಸೋತಿದ್ದರೆ ಎರಡೂ ತಾಗೋದಿಲ್ಲ. ಬಲ್ಬನ್ನು ಬೆರಳಲ್ಲಿ ಒತ್ತಿ ಹಿಡಿದಾಗ ಹೊತ್ತಿ, ಬಿಟ್ಟಾಗ ಆರಿದರೆ ಇದೇ ಕಾರಣ. ಸ್ವಿಚ್ ಆಫ್ ಮಾಡಿ ಸ್ಪ್ರಿಂಗನ್ನು ಮೆಲ್ಲಗೆ ಎಳೆದು ಸ್ವಲ್ಪ ಎತ್ತರಿಸಿ.

ಇಡೀ ಗಾಡಿಯಲ್ಲಿ ಪಿನ್ ಬುಡದ ಒಂದು ಎಲ್‌ಇಡಿಯೂ ಹೊತ್ತುತ್ತಿಲ್ಲ, ಹಳೆ ಬಲ್ಬ್ ಮಾತ್ರ ಎಲ್ಲಾ ಕಡೆ ಹೊತ್ತುತ್ತವೆ ಅಂದರೆ ಬ್ಯಾಟರಿಯ ಹತ್ತಿರ ಹೋಗಿ ನೋಡಿ. ಬಾಡಿಗೆ ಹೋಗಿರುವ ದಪ್ಪ ವೈರ್ ಪ್ಲಸ್ ಕಂಬದಿಂದ ಬಂದಿದ್ದರೆ ನಿಮ್ಮದು ಪಾಸಿಟಿವ್ ಅರ್ತಿಂಗ್ ಗಾಡಿ. ಹಿಂದೆ ಇಂಥ ಗಾಡಿಗಳು ಸಾಕಷ್ಟು ಬರುತ್ತಿದ್ದವು, ಬ್ರಿಟಿಷ್ ಕಾರುಗಳಲ್ಲಂತೂ ಜಾಸ್ತಿ. ಅವಕ್ಕೆ ಎರಡು ದಿಕ್ಕಿನಲ್ಲೂ ಕೆಲಸ ಮಾಡುವ ಎಲ್‌ಇಡಿಯೇ ಬೇಕು. ಹಾಗೇ 6 ವೋಲ್ಟ್ ಗಾಡಿಗೆ 12 ವೋಲ್ಟ್ ಎಲ್‌ಇಡಿ ಹಾಕಿದರೆ ಹೊತ್ತೋದಿಲ್ಲ, ಹೊತ್ತಿದರೂ ತೀರಾ ಮಂಕು. ಬ್ಯಾಟರಿಯ ಮೇಲೆ ಬರೆದದ್ದನ್ನು ಒಮ್ಮೆ ಓದಿಕೊಳ್ಳಿ.

ಲಕ್ಷಣ: ಹೊತ್ತುತ್ತದೆ, ಆದರೆ ಮಂಕು ಅಥವಾ ಬಣ್ಣ ಸರಿಯಿಲ್ಲ

ಹಿಂದಿನ ಕೆಂಪು ಗಾಜಿನ ಒಳಗೆ ಬಿಳಿ ಎಲ್‌ಇಡಿ ಹಾಕಿದ್ದೀರಾ ನೋಡಿ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿ, ಹಳದಿ ಜಾಸ್ತಿ, ಕೆಂಪು ಕಡಿಮೆ. ಕೆಂಪು ಗಾಜು ಕೆಂಪನ್ನು ಮಾತ್ರ ಹೊರಬಿಡುತ್ತದೆ. ಹಾಗಾಗಿ ಒಳಗೆ ಕಣ್ಣು ಕೋರೈಸುವಷ್ಟು ಬೆಳಕಿದ್ದರೂ ಹೊರಗೆ ಬರೋದು ಸ್ವಲ್ಪ, ಅದೂ ತಿಳಿಗುಲಾಬಿ ಬಣ್ಣದಲ್ಲಿ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಕಿತ್ತಳೆ ಗಾಜಿಗೆ ಕಿತ್ತಳೆ ಎಲ್‌ಇಡಿ ಹಾಕಿ.

ಇದಕ್ಕೊಂದು ಅಪವಾದ ಇದೆ, ಬಹಳ ಜನ ಇಲ್ಲಿ ಎಡವುತ್ತಾರೆ. ಎಷ್ಟೋ ಹಳೆ ಗಾಡಿಗಳಲ್ಲಿ ನಂಬರ್ ಪ್ಲೇಟಿಗೆ ಬೇರೆ ದೀಪ ಇರೋದಿಲ್ಲ. ಹಿಂದಿನ ದೀಪದ ತಳದಲ್ಲಿ ಒಂದು ಬಿಳಿ ಗಾಜಿನ ಕಿಂಡಿ ಇರುತ್ತದೆ, ಅದೇ ಬಲ್ಬಿನ ಬೆಳಕು ಅಲ್ಲಿಂದ ಪ್ಲೇಟಿನ ಮೇಲೆ ಬೀಳುತ್ತದೆ. ಕೆಂಪು ಎಲ್‌ಇಡಿ ಹಾಕಿದರೆ ನಂಬರ್ ಪ್ಲೇಟೇ ಕೆಂಪಾಗುತ್ತದೆ. ಇಂಥ ದೀಪಕ್ಕೆ ಸುತ್ತ ಕೆಂಪು, ತಳದ ಕಡೆ ಬಿಳಿ ಇರುವ ಎಲ್‌ಇಡಿ ಹುಡುಕಿ. ಸಿಗದಿದ್ದರೆ ಅಲ್ಲಿ ಹಳೆ ಬಲ್ಬೇ ಇರಲಿ.

ಬಣ್ಣ ಸರಿಯಿದ್ದೂ ಮಂಕಾದರೆ ಬಲ್ಬಿನ ಆಕಾರ ನೋಡಿ. ಹಳೆ ಬಲ್ಬ್ ಸುತ್ತಲೂ ಬೆಳಕು ಚೆಲ್ಲುತ್ತಿತ್ತು, ಹಿಂದಿನ ಬಟ್ಟಲು ಅದನ್ನು ಹಿಡಿದು ಮುಂದಕ್ಕೆ ಕಳಿಸುತ್ತಿತ್ತು. ತುದಿಯಲ್ಲಿ ಮಾತ್ರ ಬೆಳಕು ಕೊಡುವ ಚಿಪ್ ಇರುವ ಎಲ್‌ಇಡಿಯ ಬೆಳಕು ಬಟ್ಟಲಿಗೆ ಬೀಳೋದೇ ಇಲ್ಲ. ನೇರ ಹಿಂದೆ ನಿಂತವರಿಗೆ ಒಂದು ಚುಕ್ಕಿ ಕಾಣುತ್ತದೆ, ಪಕ್ಕದಿಂದ ಬರುವವರಿಗೆ ಏನೂ ಕಾಣೋದಿಲ್ಲ. ಸುತ್ತಲೂ ಚಿಪ್ ಇರುವ ಬಲ್ಬ್ ಬೇಕು. ಹಗಲು ಬಿಸಿಲಲ್ಲಿ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ, ಎಡಕ್ಕೂ ಬಲಕ್ಕೂ ಸರಿದು ನೋಡಿ.

ಲಕ್ಷಣ: ಇಂಡಿಕೇಟರ್ ಎರಡರಷ್ಟು ವೇಗದಲ್ಲಿ ಮಿನುಗುತ್ತದೆ

ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಗಡಿಯಾರ ಹಿಡಿದು ಎಣಿಸಿ. ಅದಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಗಾಡಿಯಲ್ಲಿರೋದು ಎಲೆಕ್ಟ್ರಾನಿಕ್ ಫ್ಲಾಷರ್. ಅದು ಬಲ್ಬುಗಳು ಎಳೆಯುವ ಕರೆಂಟನ್ನು ಅಳೆಯುತ್ತಾ ಇರುತ್ತದೆ. 21 ವ್ಯಾಟಿನ ಒಂದು ಬಲ್ಬ್ 12 ವೋಲ್ಟಿನಲ್ಲಿ 1.75 ಆಂಪ್ಸ್ ಎಳೆಯುತ್ತದೆ, ಮುಂದೆ ಹಿಂದೆ ಎರಡು ಸೇರಿ 3.5. ಒಂದು ಬಲ್ಬ್ ಹೋದರೆ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಆಗ ಓಡಿಸುವವರಿಗೆ ಗೊತ್ತಾಗಲಿ ಅಂತ ಫ್ಲಾಷರ್ ವೇಗ ಹೆಚ್ಚಿಸುತ್ತದೆ. 3 ವ್ಯಾಟಿನ ಎಲ್‌ಇಡಿ ಎಳೆಯೋದು ಕಾಲು ಆಂಪ್ಸ್ ಮಾತ್ರ. ಫ್ಲಾಷರಿನ ಲೆಕ್ಕದಲ್ಲಿ ಬಲ್ಬ್ ಸುಟ್ಟಿದೆ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಒಂದು ಬದಿಗೆ ಮಾತ್ರ ಎರಡೂ ಹಳೆ ಬಲ್ಬ್ ವಾಪಸ್ ಹಾಕಿ. ಆ ಬದಿ ಸರಿಯಾಗಿ ಮಿನುಗಿ, ಎಲ್‌ಇಡಿ ಇರುವ ಬದಿ ವೇಗವಾಗಿ ಮಿನುಗಿದರೆ ವೈರಿಂಗಿನಲ್ಲಿ ತೊಂದರೆ ಇಲ್ಲ.

ಪರಿಹಾರ ಎರಡಿವೆ. ಒಂದು, ಎಲ್‌ಇಡಿಗೆಂದೇ ಬರುವ ಫ್ಲಾಷರ್ ರಿಲೇ. ಅದು ಕರೆಂಟ್ ಅಳೆಯೋದಿಲ್ಲ, ತನ್ನ ಲೆಕ್ಕಕ್ಕೆ ಮಿನುಗುತ್ತದೆ. ಇನ್ನೊಂದು, ಪ್ರತಿ ಬಲ್ಬಿಗೆ ಪಕ್ಕದಲ್ಲಿ ಜೋಡಿಸುವ 6 ಓಮ್, 50 ವ್ಯಾಟಿನ ರೆಸಿಸ್ಟರ್. ನಾನು ರಿಲೇಯನ್ನೇ ಹೇಳುತ್ತೇನೆ. ರೆಸಿಸ್ಟರಿಗೆ 12 ವೋಲ್ಟ್ ಹೋದರೆ 2 ಆಂಪ್ಸ್ ಎಳೆದು 24 ವ್ಯಾಟ್ ಶಾಖ ಹೊರಬಿಡುತ್ತದೆ. ಎಂಜಿನ್ ಓಡುವಾಗ 14 ವೋಲ್ಟಿಗೆ ಅದು 33 ವ್ಯಾಟ್ ಮುಟ್ಟುತ್ತದೆ. ಎಲ್‌ಇಡಿಯಿಂದ ಉಳಿಸಿದ ಕರೆಂಟನ್ನು ಸುಮ್ನೆ ಶಾಖ ಮಾಡಿದ ಹಾಗೆ. ಅದೂ ಹಳೆ ಗಾಡಿಯ ಒಣಗಿದ ವೈರುಗಳ ಪಕ್ಕದಲ್ಲಿ. ಹಾಕಲೇಬೇಕಾದರೆ ಬಾಡಿಯ ತಗಡಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಪ್ಲಾಸ್ಟಿಕ್‌ಗೆ, ಕಾರ್ಪೆಟ್‌ಗೆ, ಬೇರೆ ವೈರುಗಳಿಗೆ ತಾಗಬಾರದು. ಟೇಪ್ ಸುತ್ತಿ ತೂಗುಬಿಡಲೇಬಾರದು. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಹಾಕಿ ಹತ್ತು ನಿಮಿಷ ಬಿಟ್ಟರೆ ಅದು ಕೈ ಸುಡುವಷ್ಟು ಕಾಯುತ್ತದೆ.

ರಿಲೇ ಕೊಳ್ಳುವ ಮುಂಚೆ ಹಳೆಯದರ ಕಾಲುಗಳ ಮೇಲಿನ ಅಕ್ಷರ ಓದಿ. ಬಿ ಅಥವಾ 49 ಅಂದರೆ ಬ್ಯಾಟರಿಯಿಂದ ಬರುವುದು. ಎಲ್ ಅಥವಾ 49ಎ ಅಂದರೆ ಬಲ್ಬುಗಳ ಕಡೆ ಹೋಗುವುದು. ಇ ಅಥವಾ 31 ಅಂದರೆ ಅರ್ತಿಂಗ್. ಹಳೆಯದಕ್ಕೆ ಎರಡೇ ಕಾಲಿದ್ದು ಹೊಸದಕ್ಕೆ ಮೂರಿದ್ದರೆ ಅರ್ತಿಂಗಿಗೆ ಒಂದು ವೈರ್ ಎಳೆಯಬೇಕು. ಹೊಸ ರಿಲೇ ಹಾಕಿದರೂ ಏನೂ ಆಗುತ್ತಿಲ್ಲ ಅಂದರೆ ಬಿ ಮತ್ತು ಎಲ್ ಅದಲುಬದಲು ಆಗಿರಬಹುದು. ಹಳೆಯದಕ್ಕೆ ಯಾವ ಕಡೆಯಾದರೂ ನಡೆಯುತ್ತಿತ್ತು, ಎಲೆಕ್ಟ್ರಾನಿಕ್‌ಗೆ ನಡೆಯೋದಿಲ್ಲ.

ಇಂಡಿಕೇಟರ್ ಸರಿಹೋಯಿತು, ಹಜಾರ್ಡ್ ಮಾತ್ರ ಹಾಗೇ ಇದೆ ಅಂದರೆ ಗಾಬರಿ ಬೇಡ. ಹಲವು ಹಳೆ ಗಾಡಿಗಳಲ್ಲಿ ಹಜಾರ್ಡ್‌ಗೆ ಬೇರೆಯೇ ಫ್ಲಾಷರ್ ಇರುತ್ತದೆ. ಅದನ್ನೂ ಬದಲಾಯಿಸಿ.

ಲಕ್ಷಣ: ಇಂಡಿಕೇಟರ್ ಹೊತ್ತಿ ಹಾಗೇ ನಿಲ್ಲುತ್ತದೆ, ಮಿನುಗೋದಿಲ್ಲ

ಇದು ಇನ್ನೂ ಹಳೆಯ ಥರ್ಮಲ್ ಫ್ಲಾಷರ್. ಸಣ್ಣ ತಗಡಿನ ಡಬ್ಬಿ. ಒಳಗೆ ಎರಡು ಲೋಹ ಸೇರಿಸಿದ ಪಟ್ಟಿ ಇರುತ್ತದೆ. ಬಲ್ಬಿನ ಕರೆಂಟ್ ಹರಿದಾಗ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ತಪ್ಪುತ್ತದೆ, ತಣ್ಣಗಾಗಿ ಮತ್ತೆ ಸೇರುತ್ತದೆ. ಟಿಕ್ ಟಿಕ್ ಸದ್ದು ಬರುವುದು ಅದರಿಂದಲೇ. ಎಲ್‌ಇಡಿಯ ಕರೆಂಟಿಗೆ ಪಟ್ಟಿ ಬಿಸಿಯಾಗೋದೇ ಇಲ್ಲ. ಪರಿಹಾರ ಮೇಲಿನದೇ, ರಿಲೇ ಬದಲಿಸಿ.

ಲಕ್ಷಣ: ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತವೆ

ರಿಲೇ ಬದಲಿಸಿದ ಮೇಲೆ ಹೀಗಾದರೆ ಡ್ಯಾಶ್‌ಬೋರ್ಡ್ ನೋಡಿ. ಎಡಕ್ಕೂ ಬಲಕ್ಕೂ ಸೇರಿ ಒಂದೇ ಬಾಣದ ದೀಪ ಇದೆಯಾ? ಇದ್ದರೆ ಸಿಕ್ಕಿಬಿತ್ತು. ಆ ದೀಪದ ಒಂದು ಕಾಲು ಎಡದ ವೈರಿಗೆ, ಇನ್ನೊಂದು ಬಲದ ವೈರಿಗೆ. ಅದಕ್ಕೆ ಸ್ವಂತ ಅರ್ತಿಂಗ್ ಇಲ್ಲ. ಎಡಕ್ಕೆ ಹಾಕಿದಾಗ ಕರೆಂಟ್ ಬಾಣದ ದೀಪ ದಾಟಿ, ಬಲಬದಿಯ ದೊಡ್ಡ ಬಲ್ಬುಗಳ ತಂತಿಯ ಮೂಲಕ ಬಾಡಿಗೆ ಇಳಿಯುತ್ತಿತ್ತು. ಆ ಸಣ್ಣ ಕರೆಂಟಿಗೆ 21 ವ್ಯಾಟಿನ ಬಲ್ಬ್ ಹೊತ್ತುತ್ತಿರಲಿಲ್ಲ. ಎಲ್‌ಇಡಿ ಹಾಕಿದ ಮೇಲೆ ಅಷ್ಟೇ ಕರೆಂಟ್ ಸಾಕು, ಬಲಬದಿಯೂ ಹೊತ್ತುತ್ತದೆ.

ಮೊದಲು ಬಾಣದ ದೀಪದ ಬಲ್ಬನ್ನೇ ಕಿತ್ತು ನೋಡಿ. ಕಿತ್ತ ಕೂಡಲೇ ಎಡ ಬಲ ಬೇರೆ ಬೇರೆ ಮಿನುಗಿದರೆ ರೋಗ ಖಚಿತ. ಇದನ್ನು ಸರಿಪಡಿಸೋಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಪುಟ್ಟ ಡಯೋಡ್ ಸಾಕು, 1ಎನ್4007 ಅನ್ನುವುದು ಎಲ್ಲಾ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಸಿಗುತ್ತದೆ. ಎಡದ ವೈರಿಗೆ ಒಂದು, ಬಲದ ವೈರಿಗೆ ಒಂದು. ಡಯೋಡಿನ ಮೈಮೇಲೆ ಒಂದು ಬಿಳಿ ಪಟ್ಟೆ ಇರುತ್ತದೆ, ಎರಡರ ಪಟ್ಟೆಯೂ ದೀಪದ ಕಡೆ ಇರಲಿ. ಪಟ್ಟೆಯ ತುದಿಗಳನ್ನು ಸೇರಿಸಿ ದೀಪದ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲಿನಿಂದ ಬಾಡಿಗೆ ಹೊಸದಾಗಿ ಒಂದು ವೈರ್ ಎಳೆಯಿರಿ. ಇನ್ನು ಯಾವ ಬದಿಯಿಂದ ಬಂದ ಕರೆಂಟೂ ಇನ್ನೊಂದು ಬದಿಗೆ ದಾಟೋದಿಲ್ಲ. ಬೆಸುಗೆಯ ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ ಮುಚ್ಚಿ. ಡ್ಯಾಶ್‌ಬೋರ್ಡಿನ ಹಿಂದೆ ಬರಿಯ ತಂತಿ ಬಿಡೋದು ಬೇಡ. ಪಾಸಿಟಿವ್ ಅರ್ತಿಂಗ್ ಗಾಡಿಯಾದರೆ ಪಟ್ಟೆಗಳ ದಿಕ್ಕು ತಿರುಗಬೇಕು.

ಲಕ್ಷಣ: ಬ್ರೇಕ್ ಒತ್ತಿದರೆ ಬೇರೆಲ್ಲೋ ದೀಪ ಹೊತ್ತುತ್ತದೆ

ಇದನ್ನು ಮುಂದೂಡಬೇಡಿ. ಹಿಂದೆ ಬರುವವರು ನಂಬಿಕೊಂಡಿರುವ ದೀಪ ಇದು.

ಸಂಜೆ ಗಾಡಿಯನ್ನು ಗೋಡೆಗೆ ಹಿಂದಾಗಿ ನಿಲ್ಲಿಸಿ. ಎಲ್ಲಾ ದೀಪ ಆಫ್ ಮಾಡಿ ಬ್ರೇಕ್ ಒತ್ತಿ. ಗೋಡೆಯ ಮೇಲೆ ಕೆಂಪು ಬೆಳಕು ಬರಬೇಕು. ಆದರೆ ಮೀಟರಿನ ದೀಪ, ಮುಂದಿನ ಪಾರ್ಕಿಂಗ್ ದೀಪ ಮಂಕಾಗಿ ಹೊತ್ತಿಕೊಂಡರೆ ಬ್ರೇಕಿನ ಕರೆಂಟ್ ಹಿಂದಿನ ದೀಪದ ವೈರಿಗೆ ಉಲ್ಟಾ ನುಗ್ಗುತ್ತಿದೆ.

ಇದಕ್ಕೆ ಎರಡು ಕಾರಣ. ಎರಡನ್ನೂ ಬೇರೆ ಮಾಡಿ ತೋರಿಸೋದು ಡಬ್ಬಿಯಲ್ಲಿರುವ ಆ ಹಳೆ ಬಲ್ಬು. ಹಿಂದೆ ಇರುವುದು ಒಂದೇ ಗಾಜಿನೊಳಗೆ 21 ಮತ್ತು 5 ವ್ಯಾಟಿನ ಎರಡು ತಂತಿ ಇರುವ ಬಲ್ಬ್. ಅದರ ಬುಡವನ್ನು ಬಿಎವೈ15ಡಿ ಅನ್ನುತ್ತಾರೆ. ಅದನ್ನು ವಾಪಸ್ ಹಾಕಿದಾಗ ತೊಂದರೆ ಹೋದರೆ ತಪ್ಪು ಎಲ್‌ಇಡಿಯದು. ಬ್ರೇಕಿನ ಕರೆಂಟನ್ನು ತಡೆಯುವ ಡಯೋಡ್ ಅದರೊಳಗೆ ಇಲ್ಲ. ಬೇರೆ ಎಲ್‌ಇಡಿ ತನ್ನಿ. ಹಳೆ ಬಲ್ಬ್ ಹಾಕಿದರೂ ಹಾಗೇ ಇದ್ದರೆ ಹೋಲ್ಡರಿನ ಅರ್ತಿಂಗ್ ಕೆಟ್ಟಿದೆ. ಬಾಡಿಗೆ ಇಳಿಯಲು ದಾರಿ ಇಲ್ಲದ ಕರೆಂಟ್ 5 ವ್ಯಾಟಿನ ತಂತಿಯ ಮೂಲಕ ಹಿಂದಕ್ಕೆ ಓಡುತ್ತಿದೆ.

ಅರ್ತಿಂಗಿನ ವಿಷಯದಲ್ಲಿ ನಾನು ಒಮ್ಮೆ ಮೋಸ ಹೋಗಿದ್ದೇನೆ. ನನ್ನ ಹಳೆ ಕಾರಿನ ಹಿಂದಿನ ಎಡ ದೀಪ ಮಂಕಾಗಿತ್ತು. ಎಲ್‌ಇಡಿ ಹಾಕಿದೆ, ಝಗ್ ಅಂತ ಹೊತ್ತಿತು. ಸರಿಹೋಯಿತು ಅಂದುಕೊಂಡು ಗಾಜು ಮುಚ್ಚಿಬಿಟ್ಟೆ. ಮುಂದಿನ ಮಳೆಗಾಲದಲ್ಲಿ ಅದೇ ಬ್ರೇಕ್ ಲೈಟ್ ಪೂರ್ತಿ ಸತ್ತುಹೋಯಿತು. ಬಿಚ್ಚಿ ನೋಡಿದರೆ ಹೋಲ್ಡರಿನ ತಗಡು, ಬಾಡಿಗೆ ಹೋಗುವ ರಿವೆಟ್, ಎರಡರ ನಡುವೆ ಹಸಿರು ಕಿಲುಬು ಹಿಟ್ಟಿನ ಹಾಗೆ ಕೂತಿತ್ತು. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಇನ್ನೊಂದು ಬದಿಯಲ್ಲೂ ಅದೇ ಕಿಲುಬು, ಆದರೆ ಅಲ್ಲಿ ದೀಪ ಇನ್ನೂ ಬದುಕಿತ್ತು. ಮೀಟರಿನ ಒಂದು ಕಡ್ಡಿ ಹೋಲ್ಡರಿನ ತಗಡಿಗೆ, ಇನ್ನೊಂದು ಬ್ಯಾಟರಿಯ ಮೈನಸಿಗೆ ಹಿಡಿದೆ. ಎಲ್‌ಇಡಿ ಹೊತ್ತಿರುವಾಗ 0.2 ವೋಲ್ಟ್, ಚೆನ್ನಾಗೇ ಇದೆ ಅನ್ನಿಸುತ್ತದೆ. ಹಳೆ ಬಲ್ಬ್ ಹಾಕಿ ಅಳೆದರೆ 1.5 ವೋಲ್ಟ್. ಜೋಡಣೆ ಕೆಟ್ಟಿದ್ದರೂ ಎಲ್‌ಇಡಿ ಎಳೆಯುವ ಕರೆಂಟ್ ಅಷ್ಟು ಸಣ್ಣದು, ಅದಕ್ಕೆ ಆ ಅಡ್ಡಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಂದಿನಿಂದ ಅರ್ತಿಂಗ್ ಅಳೆಯುವಾಗ ಹಳೆ ಬಲ್ಬ್ ಹಾಕಿಯೇ ಅಳೆಯುತ್ತೇನೆ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ತಗಡು, ಸ್ಕ್ರೂ, ಬಾಡಿಯ ಜಾಗ ಮೂರನ್ನೂ ಎಮೆರಿ ಪೇಪರಿನಲ್ಲಿ ಹೊಳೆಯುವ ಹಾಗೆ ಉಜ್ಜುತ್ತೇನೆ. ಹೋಲ್ಡರಿನಿಂದ ಬಾಡಿಗೆ ಒಂದು ಹೊಸ ವೈರ್ ಹಾಕಿದರೆ ಇನ್ನೂ ಒಳ್ಳೆಯದು.

ಇದೇ ಜಾಗದಲ್ಲಿ ಇನ್ನೊಂದು ಪರೀಕ್ಷೆ ಮಾಡಿಬಿಡಿ. ಹೆಡ್‌ಲೈಟ್ ಆನ್ ಮಾಡಿ ಬ್ರೇಕ್ ಒತ್ತಿ, ಬಿಡಿ. ಹಿಂದಿನ ದೀಪಕ್ಕೂ ಬ್ರೇಕಿಗೂ ಎದ್ದು ಕಾಣುವ ವ್ಯತ್ಯಾಸ ಇರಬೇಕು. ಕೆಲವು ಎಲ್‌ಇಡಿಗಳಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಅಂಥ ಬಲ್ಬ್ ಎಷ್ಟೇ ಪ್ರಕಾಶವಾಗಿದ್ದರೂ ರಾತ್ರಿ ನೀವು ಬ್ರೇಕ್ ಹಿಡಿದದ್ದು ಹಿಂದಿನವರಿಗೆ ಗೊತ್ತಾಗೋದಿಲ್ಲ. ಅದನ್ನು ಬಳಸಬೇಡಿ.

ಲಕ್ಷಣ: ಸ್ವಿಚ್ ಆಫ್ ಮಾಡಿದರೂ ಮಿಣುಕು ಬೆಳಕು ಉಳಿಯುತ್ತದೆ

ಎಲ್‌ಇಡಿ ಮಿಣುಕೋದಕ್ಕೆ ಕೆಲವೇ ಮಿಲಿಆಂಪ್ಸ್ ಸಾಕು. ಹಳೆ ಸ್ವಿಚ್ ಅಥವಾ ಕನೆಕ್ಟರ್ ಒಳಗೆ ತೇವ, ಕೊಳೆ ಸೇರಿದ್ದರೆ ಅಷ್ಟು ಕರೆಂಟ್ ಸೋರುತ್ತದೆ. ಹಳೆ ಬಲ್ಬಿದ್ದಾಗ ಈ ಸೋರಿಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ಕನೆಕ್ಟರುಗಳನ್ನು ಬಿಚ್ಚಿ, ಒರೆಸಿ, ಒಣಗಿಸಿ.

ಬ್ರೇಕ್ ಲೈಟ್ ಮಿಣುಕುತ್ತಿದ್ದರೆ ಬ್ರೇಕ್ ಸ್ವಿಚ್ಚಿನ ವೈರ್ ಕಿತ್ತು ನೋಡಿ. ಬೆಳಕು ಆರಿದರೆ ಸೋರಿಕೆ ಸ್ವಿಚ್ಚಿನದೇ. ಅದು ಬ್ರೇಕ್ ಪೈಪಿನಲ್ಲಿ ಕೂತಿರುವ ಸ್ವಿಚ್ ಆಗಿದ್ದು, ಕಾಲುಗಳ ಸುತ್ತ ಬ್ರೇಕ್ ಆಯಿಲ್ ಜಿನುಗಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಈಗ ಅದು ದೀಪದ ವಿಷಯ ಅಲ್ಲ, ಬ್ರೇಕಿನ ವಿಷಯ. ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನು ಕರೆಸಿ.

ಲಕ್ಷಣ: ಬ್ಯಾಟರಿ ಚಾರ್ಜ್ ಆಗುತ್ತಿಲ್ಲ

ಡ್ಯಾಶ್‌ಬೋರ್ಡ್ ಪೂರ್ತಿ ಎಲ್‌ಇಡಿ ಮಾಡಿದ ಮೇಲೆ ಎರಡು ದಿನಕ್ಕೆ ಬ್ಯಾಟರಿ ಇಳಿಯಿತಾ? ಕೀ ತಿರುಗಿಸಿದಾಗ ಹೊತ್ತುವ ಆ ಕೆಂಪು ಬ್ಯಾಟರಿ ದೀಪದಲ್ಲಿ ಉತ್ತರ ಇದೆ. ಬಹಳಷ್ಟು ಹಳೆ ಆಲ್ಟರ್ನೇಟರುಗಳು ಶುರುವಿನ ಕರೆಂಟನ್ನು ಈ ಬಲ್ಬಿನ ಮೂಲಕವೇ ಪಡೆಯುತ್ತವೆ. ಎಲ್‌ಇಡಿ ಮೂಲಕ ಬರುವ ಕರೆಂಟ್ ಸಾಲೋದಿಲ್ಲ. ಆಗ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಮಾತ್ರ ಚಾರ್ಜ್ ಶುರುವಾಗುತ್ತದೆ, ಇಲ್ಲವೇ ಆಗೋದೇ ಇಲ್ಲ. ಆ ಒಂದು ಜಾಗಕ್ಕೆ ಹಳೆ ಬಲ್ಬನ್ನೇ ವಾಪಸ್ ಹಾಕಿ. ಉಳಿದವು ಎಲ್‌ಇಡಿ ಇರಲಿ.

ಮೀಟರ್ ದೀಪಗಳ ಬೆಳಕು ಹೆಚ್ಚು ಕಮ್ಮಿ ಮಾಡುವ ತಿರುಗು ಗುಂಡಿ ಕೆಲಸ ಮಾಡದಿರುವುದು ಕೂಡ ಇಂಥದ್ದೇ. ಅದು ಹಳೆ ಬಲ್ಬಿನ ಕರೆಂಟಿಗೆ ಮಾಡಿದ್ದು. ಅದರಿಂದ ಅಪಾಯ ಇಲ್ಲ.

ಲಕ್ಷಣ: ಬೆಳಕು ನಡುಗುತ್ತದೆ, ಅಥವಾ ಎಲ್‌ಇಡಿಗಳು ಪದೇ ಪದೇ ಸುಡುತ್ತವೆ

ಮೊದಲು ಬ್ಯಾಟರಿ ಅಳೆಯಿರಿ. 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದು ಎಂಜಿನ್ ಆಫ್ ಇದ್ದಾಗ ಸುಮಾರು 12.6, ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬ್ ಮೇಲೆ ಬಲ್ಬ್ ತರುವುದನ್ನು ನಿಲ್ಲಿಸಿ. ಹೆಚ್ಚು ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಗಾಳಿ ಕಿಡಿ ತಾಗಿದರೆ ಸಿಡಿಯುತ್ತದೆ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ರೆಗ್ಯುಲೇಟರ್ ಸರಿಮಾಡಿಸಿದ ಮೇಲೆಯೇ ಮುಂದಿನ ಕೆಲಸ.

ಹಳೆ ಸ್ಕೂಟರ್, ಬೈಕುಗಳ ಕಥೆ ಬೇರೆ. ಎಂಜಿನ್ ಓಡಿದಾಗ ಮಾತ್ರ ಹೆಡ್‌ಲೈಟ್ ಹೊತ್ತಿ, ಆಕ್ಸಿಲರೇಟರ್ ಜೊತೆ ಬೆಳಕು ಏರಿಳಿಯುತ್ತಿದ್ದರೆ ಅದಕ್ಕೆ ಬರುತ್ತಿರುವುದು ಮ್ಯಾಗ್ನೆಟ್ ಕಾಯಿಲಿನ ಎಸಿ ಕರೆಂಟ್. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ತಂತಿಯ ಬಲ್ಬ್ ಬಿಸಿ ಹಿಡಿದಿಟ್ಟುಕೊಳ್ಳುವುದರಿಂದ ನಡುಕ ಕಾಣುತ್ತಿರಲಿಲ್ಲ. ಎಲ್‌ಇಡಿ ಹೊತ್ತಿ ಆರಿ ಹೊತ್ತಿ ಆರಿ ನಡುಗುತ್ತದೆ.

ರೆಗ್ಯುಲೇಟರೇ ಇಲ್ಲದ ಹಳೆ ಸ್ಕೂಟರಿನಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಬಲ್ಬುಗಳು ಎಳೆಯುವ ಕರೆಂಟೇ ವೋಲ್ಟೇಜನ್ನು ಹಿಡಿತದಲ್ಲಿ ಇಟ್ಟಿರುತ್ತದೆ. ಒಂದು ಬಲ್ಬ್ ಹೋದರೆ ಉಳಿದವೂ ಬೇಗ ಸುಡುತ್ತಿದ್ದದ್ದು ಅದಕ್ಕೇ. ಹೆಡ್‌ಲೈಟಿಗೆ ಎಲ್‌ಇಡಿ ಹಾಕಿದರೆ ಎಳೆತ ಕಡಿಮೆಯಾಗಿ, ವೋಲ್ಟೇಜ್ ಏರಿ, ಹಿಂದಿನ ಬಲ್ಬ್ ಸುಡುತ್ತದೆ. ಇಲ್ಲಿ ಬಲ್ಬ್ ಬದಲಿಸಿ ಗೆಲ್ಲೋಕಾಗೋದಿಲ್ಲ. ಕಾಯಿಲಿನ ವೈರ್ ಬದಲಿಸಿ, ರೆಗ್ಯುಲೇಟರ್ ರೆಕ್ಟಿಫೈಯರ್ ಹಾಕಿ, ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್ ಮಾಡಿಸಬೇಕು. ಅನುಭವ ಇಲ್ಲದಿದ್ದರೆ ತಿಳಿದವರ ಕೈಗೆ ಕೊಡಿ.

ಲಕ್ಷಣ: ಹೆಡ್‌ಲೈಟ್ ಪ್ರಕಾಶವಾಗಿದೆ, ಆದರೆ ರಸ್ತೆ ಕಾಣೋದಿಲ್ಲ

ಎದುರಿನವರು ಪದೇ ಪದೇ ಡಿಪ್ ಡಿಮ್ ಮಾಡಿ ತೋರಿಸುತ್ತಿದ್ದರೆ ಅದನ್ನೇ ಲಕ್ಷಣ ಅಂದುಕೊಳ್ಳಿ. ಹೈ, ಲೋ ಎರಡಕ್ಕೂ ತಂತಿ ಇರುವ ಎಚ್4 ಹೆಡ್‌ಲೈಟ್ ಬಲ್ಬಿನ ಲೋ ಬೀಮ್ ತಂತಿಯ ಕೆಳಗೆ ಒಂದು ಪುಟ್ಟ ತಗಡಿನ ಬಟ್ಟಲು ಇರುತ್ತದೆ. ಅದು ಬೆಳಕನ್ನು ಪ್ರತಿಫಲಕದ ಮೇಲಿನ ಅರ್ಧಕ್ಕೆ ಮಾತ್ರ ಬಿಡುತ್ತದೆ, ಅಲ್ಲಿಂದ ಅದು ರಸ್ತೆಯ ಕಡೆ ಇಳಿಯುತ್ತದೆ. ಎಲ್‌ಇಡಿಯ ಚಿಪ್ ಆ ತಂತಿ ಇದ್ದ ಜಾಗದಿಂದ ಸ್ವಲ್ಪ ಸರಿದರೂ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ.

ಬಲ್ಬ್ ಬದಲಿಸುವ ಮುಂಚೆಯೇ ಈ ಪರೀಕ್ಷೆಗೆ ತಯಾರಾಗಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ. ಹಳೆ ಬಲ್ಬಿನ ಲೋ ಬೀಮ್ ಗೋಡೆಯ ಮೇಲೆ ಎಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೋ ಅಲ್ಲಿ ಟೇಪ್ ಅಂಟಿಸಿ. ಆಮೇಲೆ ಎಲ್‌ಇಡಿ ಹಾಕಿ ನೋಡಿ. ಬೆಳಕು ಟೇಪಿನ ಮೇಲಕ್ಕೆ ಚೆಲ್ಲಿದರೆ, ಬಲ್ಬಿನ ಚಿಪ್‌ಗಳು ಸರಿಯಾಗಿ ಎಡಕ್ಕೂ ಬಲಕ್ಕೂ ಮುಖ ಮಾಡಿವೆಯಾ ನೋಡಿ. ಕೆಲವದರಲ್ಲಿ ಕಾಲರ್ ಸಡಿಲಿಸಿ ತಿರುಗಿಸಬಹುದು. ಆಗಲೂ ಆಗದಿದ್ದರೆ ಹಳೆ ಬಲ್ಬೇ ಹಾಕಿ. ದೀಪವನ್ನೇ ಕೆಳಕ್ಕೆ ಬಾಗಿಸಿ ಸರಿಮಾಡೋಕೆ ಹೋಗಬೇಡಿ, ಕಣ್ಣು ಕುಕ್ಕೋದೂ ಪೂರ್ತಿ ನಿಲ್ಲೋದಿಲ್ಲ, ದೂರದ ರಸ್ತೆಯೂ ಕಾಣೋದಿಲ್ಲ. ತಂತಿಯ ಬಲ್ಬಿಗೆ ಮಾಡಿದ ಹೆಡ್‌ಲೈಟಿಗೆ ಎಲ್‌ಇಡಿ ಹಾಕೋದು ಎಷ್ಟೋ ಕಡೆ ಕಾನೂನಿಗೂ ವಿರುದ್ಧ. ನಿಮ್ಮಲ್ಲಿನ ನಿಯಮ ತಿಳಿದುಕೊಂಡೇ ಮುಂದುವರಿಯಿರಿ. ನನ್ನ ಗಾಡಿಯ ಹೆಡ್‌ಲೈಟಿನಲ್ಲಿ ಇವತ್ತಿಗೂ ಇರೋದು ಹ್ಯಾಲೊಜೆನ್. ಅದಕ್ಕೆ ರಿಲೇ ಹಾಕಿ ದಪ್ಪ ವೈರ್ ಎಳೆದೆ, ಬೆಳಕು ಸಾಕಷ್ಟು ಹೆಚ್ಚಿತು.

ಹೈ ಲೋ ಎರಡೂ ಒಟ್ಟಿಗೆ ಹೊತ್ತಿದರೆ, ಅಥವಾ ಡ್ಯಾಶ್‌ಬೋರ್ಡಿನ ನೀಲಿ ದೀಪ ಸದಾ ಮಂಕಾಗಿ ಉರಿದರೆ, ನಿಮ್ಮ ಗಾಡಿಯಲ್ಲಿ ಸ್ವಿಚ್ ಅರ್ತಿಂಗಿನ ಕಡೆ ಇದೆ. ಪ್ಲಗ್ ಕಿತ್ತು, ಹೆಡ್‌ಲೈಟ್ ಆನ್ ಮಾಡಿ, ಮೂರು ಕಾಲುಗಳನ್ನು ಬಾಡಿಗೆ ಹೋಲಿಸಿ ಅಳೆಯಿರಿ. ಹೈಗೆ ಹಾಕಿದರೂ ಲೋಗೆ ಹಾಕಿದರೂ ಒಂದೇ ಕಾಲಿನಲ್ಲಿ 12 ವೋಲ್ಟ್ ನಿಂತಿದ್ದರೆ ಅದು ಖಚಿತ. ಅಂಥ ವೈರಿಂಗಿಗೆ ಹೊಂದುವ ಎಲ್‌ಇಡಿಯನ್ನೇ ಕೇಳಿ ತರಬೇಕು.

ರೇಡಿಯೊದಲ್ಲಿ ಹೆಡ್‌ಲೈಟ್ ಹಾಕಿದಾಗ ಮಾತ್ರ ಗೊರಗೊರ ಸದ್ದು ಬಂದರೆ ಅದು ಎಲ್‌ಇಡಿಯ ಒಳಗಿನ ಸರ್ಕ್ಯೂಟಿನದು. ವೈರಿಗೆ ಫೆರೈಟ್ ಉಂಗುರ ಹಾಕಿ ನೋಡಿ. ಗಾಜಿನ ಒಳಗೆ ಹಬೆ ನಿಲ್ಲುವುದಕ್ಕೂ ಕಾರಣ ಇದೆ, ಎಲ್‌ಇಡಿ ಮುಂದಕ್ಕೆ ಶಾಖ ಬಿಡೋದಿಲ್ಲ, ತೇವ ಒಣಗೋದಿಲ್ಲ. ರಬ್ಬರ್ ವಾಷರ್ ಬದಲಾಯಿಸಿ.

ಲಕ್ಷಣ: ಫ್ಯೂಸ್ ಹೋಗುತ್ತದೆ

ಎಲ್‌ಇಡಿ ಎಳೆಯೋದು ಕಡಿಮೆ ಕರೆಂಟ್. ಅದಕ್ಕೆ ಫ್ಯೂಸ್ ಹೋಯಿತು ಅಂದರೆ ಎಲ್ಲೋ ಶಾರ್ಟ್ ಆಗಿದೆ. ಬಲ್ಬ್ ತೆಗೆದು ಹೊಸ ಫ್ಯೂಸ್ ಹಾಕಿ. ಫ್ಯೂಸ್ ಉಳಿದರೆ ಬಲ್ಬಿನ ಬುಡ ನೋಡಿ: ಎರಡು ಬೊಟ್ಟಿನ ಹೋಲ್ಡರಿಗೆ ಒಂದು ಬೊಟ್ಟಿನ ಬಲ್ಬ್ ತುರುಕಿರಬಹುದು, ಅಥವಾ ಬೆಸುಗೆ ಹರಡಿ ಬೊಟ್ಟು ಬುಡದ ತಗಡಿಗೆ ಅಂಟಿರಬಹುದು. ಬಲ್ಬ್ ಇಲ್ಲದೆಯೂ ಫ್ಯೂಸ್ ಹೋದರೆ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ.

ದೊಡ್ಡ ಆಂಪ್ಸಿನ ಫ್ಯೂಸ್ ಹಾಕಿ ನೋಡೋಣ ಅನ್ನುವ ಯೋಚನೆ ಬೇಡವೇ ಬೇಡ. ಫ್ಯೂಸ್ ಉಳಿದು ವೈರ್ ಉರಿಯುತ್ತದೆ. ಎರಡನೇ ಫ್ಯೂಸೂ ಹೋದರೆ ಕೈ ನಿಲ್ಲಿಸಿ. ವೈರಿನ ಮೇಲಿನ ಹೊದಿಕೆ ಬಗ್ಗಿಸಿದ ಕಡೆ ಬಿರುಕು ಬಿಡುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಹೋಲ್ಡರಿನ ಪ್ಲಾಸ್ಟಿಕ್ ಕಂದಾಗಿ ಕರಗಿದ್ದರೆ ಬ್ಯಾಟರಿ ಬಿಚ್ಚಿಟ್ಟು ಆಟೋ ಎಲೆಕ್ಟ್ರಿಷಿಯನ್‌ಗೆ ಹೇಳಿ. ಹೇಳುವಾಗ ಯಾವ ದೀಪಕ್ಕೆ ಎಲ್‌ಇಡಿ ಹಾಕಿದ್ದೀರಿ, ಹಳೆ ಬಲ್ಬ್ ಹಾಕಿದಾಗ ಏನಾಯಿತು ಅನ್ನೋದನ್ನು ಬರೆದುಕೊಟ್ಟರೆ ಅವರ ಅರ್ಧ ದಿನ ಉಳಿಯುತ್ತದೆ. ಹಳೆ ಬಲ್ಬುಗಳ ಡಬ್ಬಿಯನ್ನೂ ಜೊತೆಗೆ ಕೊಡಿ.